ಹೆಸರು ಹೇಳಿ ಸ್ವಾಮಿ, ಕಾಯಿಲೆಯ ಹೆಸರು ಹೇಳಿ

ನಮ್ಮ ಕೇರಿಗಳಲ್ಲಿ, ಹಾಡಿಗಳಲ್ಲಿ, ತೋಟದ ಲೈನ್ ಮನೆಗಳಲ್ಲಿ ಮಕ್ಕಳು ಸಾಯುತ್ತವೆ. ಯಾವುದರಿಂದ ಸತ್ತವು ಎಂದು ಕೇಳಿ ನೋಡಿ. 'ಜರ ಬಂದಿತ್ತು', 'ಮೈಲಿ ರಕ್ತ ಇರ್ನಿಲ್ವಂತೆ', 'ಕೈಕಾಲು ಊದ್ಕಂಡಿತ್ತು', 'ಹೊಟ್ಟೆ ದಪ್ಪ ಆಗಿತ್ತು' ಅನ್ನುತ್ತಾರೆ. ಇವು ಯಾವುವೂ ಕಾಯಿಲೆಯ ಹೆಸರಲ್ಲ. ಹೆತ್ತವರ ಕಣ್ಣಿಗೆ ಕಂಡದ್ದು ಇಷ್ಟು. ಕಾಣದ್ದನ್ನು ಕಂಡು ಹೇಳಬೇಕಾದವರು, ಅದಕ್ಕಾಗಿಯೇ ಸರ್ಕಾರದಿಂದ ಸಂಬಳ ತಗೊಳ್ಳುವವರು, ಹೇಳಲೇ ಇಲ್ಲ. ಉಳ್ಳವರ ಮಗುವಿಗೆ ನೆಗಡಿಯಾದರೂ ಒಂದು ಹೆಸರುಂಟು, ಫೈಲುಂಟು, ಫೈಲಿನೊಳಗೆ ಹಳೆಯ ಕಾಗದವೆಲ್ಲ ತಾರೀಖಿನ ಪ್ರಕಾರ ಉಂಟು. ನಮ್ಮ ಮಗು ಸತ್ತಾಗ ಮಣ್ಣು ಹಾಕಿ ಬರುವ ದಾರಿಯಲ್ಲೂ ನಮಗೆ ಗೊತ್ತಿರುವುದಿಲ್ಲ, ಅದನ್ನು ಕೊಂದದ್ದು ಏನು ಅಂತ.

ಒಂದು ಕಾಲಕ್ಕೆ ನಮ್ಮ ಮಕ್ಕಳಿಗೆ ಒಳ್ಳೆಯ ಹೆಸರಿಡುವುದೇ ಅಪರಾಧವಾಗಿತ್ತು. ಊರವರ ಮನೆಯಲ್ಲಿರುವ ಹೆಸರನ್ನು ಕೇರಿಯಲ್ಲಿ ಇಟ್ಟರೆ ಹಂಗಿಸುತ್ತಿದ್ದರು, ಹೊಡೆಯುತ್ತಿದ್ದರು. ಕರಿಯ, ತಿಪ್ಪ, ಕೆಂಚ, ಇಷ್ಟರಲ್ಲೇ ಮುಗಿಸಬೇಕಿತ್ತು. ಆ ಕಾಲ ಹೋಯಿತು ಅನ್ನುತ್ತೀರಿ. ಸರಿ. ಈಗ ಮಗುವಿನ ಕಾಯಿಲೆಗೂ ಅದೇ ಗತಿ ಬಂದಿದೆ. 'ವೀಕ್‌ನೆಸ್', 'ವಾತ', 'ಜಂತುಹುಳ', 'ರಕ್ತ ಕಮ್ಮಿ.' ನಾಲ್ಕೇ ಹೆಸರು. ಕೇರಿಯಿಂದ ಯಾವ ಮಗು ಬಂದರೂ ಈ ನಾಲ್ಕರೊಳಗೆ ಒಂದನ್ನು ಹಚ್ಚಿ ಕಳಿಸಿದರೆ ಮುಗಿಯಿತು. ದಪ್ಪ ಪುಸ್ತಕದಲ್ಲಿರುವ ಮಿಕ್ಕ ಸಾವಿರಾರು ಹೆಸರು ಯಾರಿಗೆ ಸ್ವಾಮಿ? ಯಾರಿಗಾಗಿ ಓದಿ ಪಾಸು ಮಾಡಿದಿರಿ?

ಔಷಧಿ ಸಿಗಲಿಲ್ಲ, ಹಾಸಿಗೆ ಸಿಗಲಿಲ್ಲ, ಆಂಬುಲೆನ್ಸು ಬರಲಿಲ್ಲ ಅಂತ ಪತ್ರಿಕೆಯವರು ಬರೆಯುತ್ತಾರೆ. ಬರೆಯಲಿ, ಬೇಕಾದದ್ದೇ. ಆದರೆ ಅದಕ್ಕೂ ಮುಂಚಿನ ಒಂದು ಹಕ್ಕಿದೆ. ಅದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ನನ್ನ ಮಗುವಿಗೆ ಏನಾಗಿದೆ ಎಂದು ಸರಿಯಾಗಿ ತಿಳಿದುಕೊಳ್ಳುವ ಹಕ್ಕು. ಅದಿಲ್ಲದೆ ಕೊಟ್ಟ ಔಷಧಿ ಔಷಧಿಯಲ್ಲ; ಕತ್ತಲಲ್ಲಿ ಎಸೆದ ಕಲ್ಲು. ಕಾಯಿಲೆಗೆ ಬಿದ್ದರೆ ಬಿತ್ತು, ಮಗುವಿಗೆ ಬಿದ್ದರೆ ಬಿತ್ತು.

ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದಿದವರಿಗೆ ಕಾಠಿಯಾವಾಡದ ಮೇಷ್ಟ್ರ ಕತೆ ಗೊತ್ತಿರುತ್ತದೆ. 1929ರ ಡಿಸೆಂಬರಿನಲ್ಲಿ ಗಾಂಧಿಯವರ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಒಬ್ಬ ಅಸ್ಪೃಶ್ಯ ಶಾಲಾ ಮೇಷ್ಟ್ರು ಬರೆದ ಕಾಗದ ಅದು. ಬಾಬಾಸಾಹೇಬರು ಅದನ್ನು ಎತ್ತಿಕೊಂಡರು. ಹೆಂಡತಿಗೆ ಹೆರಿಗೆಯಾಗಿ ಎರಡು ದಿನಕ್ಕೆ ಕಾಯಿಲೆ. ಡಾಕ್ಟರು ಕೇರಿಯೊಳಗೆ ಕಾಲಿಡಲು ಒಪ್ಪಲಿಲ್ಲ. ಊರಿನ ದೊಡ್ಡವರಿಂದ ಹೇಳಿಸಿ, ಎರಡು ರೂಪಾಯಿ ಫೀಜಿಗೆ ಜಾಮೀನು ಕೊಡಿಸಿ ಕರೆದರೆ, ಬಾಣಂತಿಯನ್ನೂ ಕೂಸನ್ನೂ ಕೇರಿಯ ಹೊರಕ್ಕೆ ತಂದು ಮಲಗಿಸಿ ಅಂದ. ತಂದರು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ, ಅವನು ಗಂಡನ ಕೈಗೆ, ಗಂಡ ಹೆಂಡತಿಗೆ. ಅದೇ ದಾರಿಯಲ್ಲಿ ವಾಪಸ್ಸು. ರಾತ್ರಿ ಎಂಟು ಗಂಟೆ. ದೀಪದ ಬೆಳಕಿನಲ್ಲಿ ಅದನ್ನು ನೋಡಿ ನ್ಯುಮೋನಿಯಾ ಅಂದುಬಿಟ್ಟ. ಮುಟ್ಟಲಿಲ್ಲ, ಎದೆ ಆಲಿಸಲಿಲ್ಲ, ನಾಡಿ ಹಿಡಿಯಲಿಲ್ಲ. ಆಮೇಲೆ ಕರೆದರೆ ಬರಲೂ ಇಲ್ಲ. ಅವಳು ಸತ್ತಳು.

ಈ ಕತೆಯನ್ನು ನಮ್ಮವರು ಮುಟ್ಟುವಿಕೆಯ ಕತೆಯಾಗಿ ಹೇಳುತ್ತಾರೆ. ಹೌದು. ಆದರೆ ಇದು ರೋಗಪತ್ತೆಯ ಕತೆಯೂ ಹೌದು. ಮುಟ್ಟದೆ ಇಟ್ಟ ಹೆಸರು ಅದು. ಅವಳಿಗಿದ್ದದ್ದು ನ್ಯುಮೋನಿಯಾ ಹೌದೋ ಅಲ್ಲವೋ ಇವತ್ತಿಗೂ ಯಾರೂ ಹೇಳಲಾರರು. ಬಾಬಾಸಾಹೇಬರು ತಾವೇ ಮಕ್ಕಳನ್ನು ಕಳಕೊಂಡವರು. ಐದು ಮಕ್ಕಳಲ್ಲಿ ಉಳಿದದ್ದು ಯಶವಂತ ಒಬ್ಬನೇ, ಕೊನೆಯ ಮಗ ರಾಜರತ್ನ ಹೋದದ್ದು 1926ರಲ್ಲಿ. ಆ ಮೇಷ್ಟ್ರ ಕಾಗದ ಓದುವಾಗ ಅವರಿಗೆ ಏನನ್ನಿಸಿತ್ತೋ.

ಈಗ ಮುಟ್ಟುತ್ತಾರೆ, ಕಾನೂನಿದೆ, ಎಂದು ಯಾರಾದರೂ ಹೇಳಬಹುದು. ನಾವು ಕೇಳುವುದು ಇಷ್ಟೇ: ಎಷ್ಟು ಹೊತ್ತು ಮುಟ್ಟುತ್ತಾರೆ?

ಕೊಡಗಿನ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿದ್ದ ಒಬ್ಬ ತಾಯಿಯ ಚೀಲವನ್ನು ನಾವು ಬಿಚ್ಚಿ ಕೂತು ಓದಿದ್ದೇವೆ. ಹೆಗ್ಗಡದೇವನಕೋಟೆ ಕಡೆಯ ಹಾಡಿಯವಳು, ಜೇನುಕುರುಬರವಳು. ಕೂಲಿಗೆ ಬಂದು ಅಲ್ಲೇ ಉಳಿದವಳು. ಓದು ಬಾರದು. ಆದರೆ ಆಸ್ಪತ್ರೆಯವರು ಕೊಟ್ಟ ಒಂದು ಚೀಟಿಯನ್ನೂ ಬಿಸಾಕಿರಲಿಲ್ಲ. ಎಲೆಅಡಿಕೆ ಚೀಲದೊಳಗೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ದಾರ ಕಟ್ಟಿ ಇಟ್ಟಿದ್ದಳು. 'ಮುಂದ್ಲವ್ರು ಕೇಳ್ದಾಗ ತೋರುಸ್ಬೇಕಲ್ವ ಸಾ' ಅಂದಳು. ಒಟ್ಟು ಇಪ್ಪತ್ತಮೂರು ಚೀಟಿ. ಹದಿನಾಲ್ಕರಲ್ಲಿ ಕಾಯಿಲೆಯ ಹೆಸರೇ ಇಲ್ಲ. ಬರೇ ಮಾತ್ರೆ, ಟಾನಿಕ್ಕು. ಮಿಕ್ಕವುಗಳಲ್ಲಿ ಐದು ಬೇರೆಬೇರೆ ಹೆಸರು. ಒಂದು ಮಗು, ಒಂದೇ ಮೈ, ಐದು ಕಾಯಿಲೆ!

ಮಗು ಎಂಟು ತಿಂಗಳಿದ್ದಾಗ ಅಂಗೈ, ಪಾದ ಎರಡೂ ಊದಿ ಕೆಂಪಗಾದವು. ಮುಟ್ಟಿದರೆ ಕಿರುಚುತ್ತಿತ್ತು. ಕೀವಾಗಿದೆ ಅಂತ ಸೂಜಿ ಚುಚ್ಚಿ ಕಳಿಸಿದರು. ಒಂದೂವರೆ ವರ್ಷಕ್ಕೆ ಮೈ ಬಿಳಿಚಿತು. ರಕ್ತ ಕಮ್ಮಿ, ಸೊಪ್ಪು ತಿನ್ನಿಸು, ಕಬ್ಬಿಣದ ಟಾನಿಕ್ ಕುಡಿಸು. ಸೊಪ್ಪು ಗೊತ್ತಿಲ್ಲದ ಜನವೇ ಕಾಡಿನವರು? ಹತ್ತಾರು ನಮೂನೆ ಸೊಪ್ಪು, ಗೆಡ್ಡೆ ಅಗೆದು ತಿನ್ನುತ್ತಿದ್ದವರನ್ನು ಕಾಡಿನಿಂದ ಹೊರಗೆ ತಂದು ಹಾಕಿ, ಈಗ ಸೊಪ್ಪಿನ ಪಾಠ. ಮೂರಕ್ಕೆ ಕಣ್ಣು ಹಳದಿಯಾಯಿತು, ಕಾಮಾಲೆ ಅಂದರು. ನಾಟಿ ಔಷಧಿಯವನೂ ಅದನ್ನೇ ಅಂದ, ಪಥ್ಯ ಹಾಕಿದ, ಮಗು ಇನ್ನೂ ಸೊರಗಿತು. ನಾಲ್ಕಕ್ಕೆ ಕೀಲುನೋವು. ಈ ಸಲ ದೊಡ್ಡ ಆಸ್ಪತ್ರೆ. ಕೀಲುವಾತದ ಜ್ವರ, ಮೂರು ವಾರಕ್ಕೊಂದು ಇಂಜೆಕ್ಷನ್ ತಪ್ಪಿಸಬೇಡ ಅಂದರು. ತಪ್ಪಿಸಲಿಲ್ಲ. ಪ್ರತಿ ಸಲ ಒಂದು ದಿನದ ಕೂಲಿ ಹೋಯಿತು, ಮೇಸ್ತ್ರಿ ಬೈದ, ಎರಡು ಬಸ್ಸು ಬದಲಾಯಿಸಿದಳು. ನೋವು ಮಾತ್ರ ನಿಲ್ಲಲಿಲ್ಲ. ಹೊಟ್ಟೆಯ ಎಡಗಡೆ ಗಟ್ಟಿಯಾದದ್ದಕ್ಕೆ ಜಂತುಹುಳದ ಮಾತ್ರೆ ಕೊಟ್ಟರು.

ಇಲ್ಲಿಗೆ ಬೇರೆಯವರಾದರೆ ಕೈ ಚೆಲ್ಲುತ್ತಿದ್ದರು. ಅವಳು ಚೆಲ್ಲಲಿಲ್ಲ. 'ಒಂದೇ ಕೂಸಿಗೆ ಐದು ಕಾಯ್ಲೆ ಎಂಗ್ ಬತ್ತದೆ? ಯಾವ್ದೋ ಒಂದು ಕಾಯ್ಲೆ ಐದು ಯಾಸ ಆಕ್ತದೆ' — ಇದು ಅವಳ ಮಾತು. ವೈದ್ಯಶಾಸ್ತ್ರ ಓದುವ ಹುಡುಗರಿಗೆ ಕೊನೆಯ ವರ್ಷದಲ್ಲಿ ಹೇಳಿಕೊಡುವ ತರ್ಕ ಇದೇ. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಈ ಮಾತನ್ನು ಅವಳು ಡಾಕ್ಟರರ ಎದುರಿಗೇ ಆಡಿದಳು. ಏನಂದರು ಗೊತ್ತೆ? 'ನೀನೇ ಡಾಕ್ಟರಾ? ಹಂಗಾದ್ರೆ ಇಲ್ಲಿಗ್ಯಾಕ್ ಬಂದೆ?' ನರ್ಸಮ್ಮ ಅವಳಿಗೆ ಒಂದು ಹೆಸರಿಟ್ಟಿದ್ದರು, 'ಜೋರಿನ ಹೆಂಗಸು' ಅಂತ. ಪೇಟೆಯ ತಾಯಿ ನಾಲ್ಕು ಡಾಕ್ಟರರ ಹತ್ತಿರ ಹೋಗಿ ನಾಲ್ಕು ಪ್ರಶ್ನೆ ಕೇಳಿದರೆ ತಾಯಿಕರುಳು. ಹಾಡಿಯವಳು ಒಂದು ಪ್ರಶ್ನೆ ಕೇಳಿದರೆ ಜೋರು, ತಲೆಹರಟೆ.

ಗುಣಿಯನ ಹತ್ತಿರ ಹೋದದ್ದಕ್ಕೂ ಬೈದರು. ಹೌದು, ಹೋಗಿದ್ದಳು. ತಾಯತ ಕಟ್ಟಿಸಿದಳು. ಮೂಢನಂಬಿಕೆಯನ್ನು ನಾವು ಸಮರ್ಥಿಸುವವರಲ್ಲ. ದೇವರು ದಿಂಡರು ನಮ್ಮನ್ನು ಎಷ್ಟು ತಿಂದಿದ್ದಾರೆಂದು ನಮಗೆ ಗೊತ್ತು. ಆದರೆ ಒಂದು ಮಾತು ಬರೆಯಲೇಬೇಕು. ಆ ಗುಣಿಯ ಅವಳನ್ನು ಎದುರು ಕೂರಿಸಿ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೇಳಿದನಂತೆ: 'ಯಾವಾಗಿಂದ? ನಿನ್ ತವರಲ್ಲಿ ಯಾರ್ಗಾರ ಹಿಂಗಿತ್ತ? ಗಂಡನ್ ಕಡೆ ಮಕ್ಳು ಸತ್ತವ?' ಸತ್ತಿದ್ದವು. ಗಂಡನ ಅಣ್ಣನ ಎರಡು ಮಕ್ಕಳು, ಅವಳ ಸ್ವಂತ ತಮ್ಮ. ಗುಣಿಯ ಅದಕ್ಕೆ ಕೊಟ್ಟ ಉತ್ತರ ತಪ್ಪು. ಸತ್ತ ಹಿರೀಕರು ಹಿಡಿದಿದ್ದಾರೆ ಅಂದ. ಆದರೆ ಅವನು ಕೇಳಿದ ಪ್ರಶ್ನೆ ಸರಿ. ಆ ಪ್ರಶ್ನೆಯನ್ನು ಇಪ್ಪತ್ತೆರಡು ಚೀಟಿ ಬರೆದ ಕೈಗಳಲ್ಲಿ ಒಂದೂ ಬರೆದುಕೊಂಡಿರಲಿಲ್ಲ.

ಇಪ್ಪತ್ತಮೂರನೆಯ ಚೀಟಿ ಬರೆದವಳು ಇನ್ನೂ ಓದು ಮುಗಿಸುತ್ತಿದ್ದ ಒಬ್ಬ ಹುಡುಗಿ, ಹೌಸ್ ಸರ್ಜನ್. ಹಳೆಯ ಚೀಟಿಗಳನ್ನೆಲ್ಲ ಬೆಂಚಿನ ಮೇಲೆ ಹರಡಿಕೊಂಡು ಓದಿದಳು. ಆಮೇಲೆ 'ನೀವು ಯಾವ ಜನ?' ಅಂತ ಕೇಳಿದಳು. ಶಾಲೆಯಲ್ಲಿ ಕೇಳುತ್ತಾರೆ, ಹೋಟೆಲಿನಲ್ಲಿ ಕೇಳುತ್ತಾರೆ, ಬಾಡಿಗೆ ಮನೆಗೆ ಹೋದರೆ ಸುತ್ತಿ ಬಳಸಿ ಕೇಳುತ್ತಾರೆ. ನಮ್ಮನ್ನು ಕೆಳಗಿಡಲು ಎಲ್ಲ ಕಡೆಯೂ ಕೇಳುವ ಈ ಪ್ರಶ್ನೆಯನ್ನು, ಕೇಳಿದ್ದರೆ ಮಗುವಿಗೆ ಉಪಯೋಗವಾಗುತ್ತಿದ್ದ ಒಂದೇ ಒಂದು ಜಾಗದಲ್ಲಿ ಆರು ವರ್ಷ ಯಾರೂ ಕೇಳಿರಲಿಲ್ಲ. ಆ ಹುಡುಗಿ ಕೇಳಿದಳು, ರಕ್ತ ತೆಗೆಸಿದಳು. ಮೊದಲು ಟ್ಯೂಬಿನಲ್ಲಿ ಒಂದು ಸಣ್ಣ ಪರೀಕ್ಷೆ, ಆಮೇಲೆ ಮೈಸೂರಿನಿಂದ ಇನ್ನೊಂದು ಖಾತ್ರಿ ಪರೀಕ್ಷೆ. ಹೆಸರು ಬಂತು: ಸಿಕಲ್ ಸೆಲ್. ಕುಡುಗೋಲು ಕಣದ ಕಾಯಿಲೆ.

ಕುಡುಗೋಲು ನಮಗೆ ಹೊಸದಲ್ಲ. ಗದ್ದೆ ಕೊಯ್ದದ್ದು ಅದರಲ್ಲೇ, ಬಾವುಟದ ಮೇಲೆ ಬರೆದದ್ದೂ ಅದನ್ನೇ. ರಕ್ತದ ಕೆಂಪು ಕಣ ದುಂಡಗಿರಬೇಕಾದದ್ದು ಈ ಕಾಯಿಲೆಯಲ್ಲಿ ಕುಡುಗೋಲಿನಂತೆ ಬಾಗಿ ಗಡುಸಾಗುತ್ತದೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಸಿಕ್ಕಿಕೊಂಡಲ್ಲಿ ನೋವು. ಕೂಸಿಗೆ ಕೈಕಾಲು ಊದಿದ್ದು ಅದಕ್ಕೆ. ಸರಿಯಿರುವ ಕಣ 120 ದಿನ ಬದುಕಿದರೆ ಇದು ಹತ್ತಿಪ್ಪತ್ತು ದಿನಕ್ಕೆ ಒಡೆದುಹೋಗುತ್ತದೆ. ಮೈ ಬಿಳಿಚಿದ್ದು, ಕಣ್ಣು ಹಳದಿಯಾದದ್ದು ಅದಕ್ಕೆ. ಗುಲ್ಮ ಊದಿದ್ದು ಹೊಟ್ಟೆಯ ಗಟ್ಟಿ. ಹುಟ್ಟಿದ ಮೊದಲ ತಿಂಗಳುಗಳಲ್ಲಿ ಏನೂ ತೋರದಿದ್ದದ್ದು ಬಸಿರಿನಲ್ಲಿದ್ದಾಗಿನ ಬೇರೆ ಬಗೆಯ ಹಿಮೋಗ್ಲೋಬಿನ್ ಕಾಯುತ್ತಿದ್ದರಿಂದ. ಐದು ವೇಷ, ಒಂದೇ ಕಾಯಿಲೆ. ತಾಯಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಇದೇನು ಮೊನ್ನೆ ಮೊನ್ನೆ ಕಂಡುಹಿಡಿದ ಕಾಯಿಲೆಯೆ? 1910ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಜೇಮ್ಸ್ ಹೆರಿಕ್ ಎಂಬ ಡಾಕ್ಟರು ಇದನ್ನು ಬರೆದ. ಅವನ ರೋಗಿ ಗ್ರೆನಡಾ ದ್ವೀಪದಿಂದ ದಂತವೈದ್ಯ ಓದಲು ಬಂದಿದ್ದ ಒಬ್ಬ ಕಪ್ಪು ವಿದ್ಯಾರ್ಥಿ. 1952ರಲ್ಲಿ ಇದು ನೀಲಗಿರಿಯ ಬುಡಕಟ್ಟು ಜನರಲ್ಲಿದೆ ಎಂದು ಲೇಮನ್ ಮತ್ತು ಕಟ್‌ಬುಷ್ ಪ್ರಕಟಿಸಿದರು. ನೀಲಗಿರಿಗೂ ನಮ್ಮ ಹೆಗ್ಗಡದೇವನಕೋಟೆ ಕಾಡಿಗೂ ಎಷ್ಟು ದೂರ? ಆನೆ ನಡೆದುಬರುವಷ್ಟು ದೂರ. ವಿದರ್ಭದ ಮಹಾರರಲ್ಲಿ, ಮಧ್ಯ ಭಾರತದ ಆದಿವಾಸಿಗಳಲ್ಲಿ ಇದು ಹೆಚ್ಚೆಂದು ಪುಸ್ತಕಗಳಲ್ಲಿ ದಶಕಗಳಿಂದ ಇದೆ. ಬಾಬಾಸಾಹೇಬರ ಜನರ ರಕ್ತದಲ್ಲಿರುವ ಕಾಯಿಲೆ, ಕಾಡಿನವರ ರಕ್ತದಲ್ಲಿರುವ ಕಾಯಿಲೆ. ಪುಸ್ತಕದಲ್ಲಿತ್ತು. ತಾಲ್ಲೂಕು ಆಸ್ಪತ್ರೆಯ ಮೇಜಿನ ತನಕ ಬರಲಿಕ್ಕೆ ಅದಕ್ಕೆ ಬಸ್ಸು ಸಿಗಲಿಲ್ಲ.

ಹೆಸರು ಸಿಕ್ಕರೆ ಏನು ಲಾಭ, ವಾಸಿಯಾಗುವ ಕಾಯಿಲೆಯಲ್ಲವಲ್ಲ ಎಂದು ಬುದ್ಧಿವಂತರು ಕೇಳುತ್ತಾರೆ. ಹೇಳುತ್ತೇವೆ. ಸಣ್ಣ ಮಕ್ಕಳಿಗೆ ದಿನವೂ ಪೆನ್ಸಿಲಿನ್ ಕೊಟ್ಟರೆ ಮಾರಣಾಂತಿಕ ಸೋಂಕು ಬಹಳ ತಗ್ಗುತ್ತದೆ ಎಂದು 1986ರಲ್ಲೇ ಪ್ರಯೋಗದಿಂದ ಖಾತ್ರಿಯಾಯಿತು. ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆಯಿಂದ ನೋವಿನ ದಾಳಿಗಳು ಕಡಿಮೆಯಾಗುತ್ತವೆ. ನೀರು ಚೆನ್ನಾಗಿ ಕುಡಿಯಬೇಕು, ಚಳಿಗೆ ಒಡ್ಡಿಕೊಳ್ಳಬಾರದು, ಜ್ವರ ಬಂದರೆ ನಾಳೆ ನೋಡೋಣ ಅನ್ನದೆ ಅವತ್ತೇ ಓಡಬೇಕು. ಕಾಫಿ ತೋಟದ ಮಳೆಯಲ್ಲಿ ನೆನೆದುಕೊಂಡೇ ಬೆಳೆಯುವ ಮಗುವಿಗೆ ಈ ಒಂದು ಮಾತು ಗೊತ್ತಿರುವುದಕ್ಕೂ ಇಲ್ಲದಿರುವುದಕ್ಕೂ ಜೀವದಷ್ಟು ಅಂತರ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ಬಗೆಯ ಪಟ್ಟಿಯಲ್ಲಿ ಇದೂ ಸೇರಿದೆ. ಆದರೆ ಹೆಸರೇ ಇಲ್ಲದವನಿಗೆ ಸರ್ಟಿಫಿಕೇಟು ಯಾರು ಬರೆಯುತ್ತಾರೆ? ಅವಳಿಗೆ ಆಗಲೇ ಎರಡನೆಯ ಕೂಸು ಮಡಿಲಲ್ಲಿತ್ತು. ಅದರ ರಕ್ತವನ್ನೂ ನೋಡಿ ಅಂತ ಅವತ್ತೇ ಪಟ್ಟು ಹಿಡಿದಳು. 'ಇನ್ನೊಂದಿನ ಬಾ' ಅಂದರೆ ಬೆಂಚು ಬಿಟ್ಟು ಏಳಲಿಲ್ಲ.

ಈಗ ಇನ್ನೊಂದು ಊರಿನ ಮಾತು. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು.

1974-75ರ ಸುಮಾರಿಗೆ ಅಲ್ಲಿನ ಕಾಯಿಲೆ ಹೊರಗಿನವರ ಕಣ್ಣಿಗೆ ಬಿತ್ತು. ಸೊಂಟದ ಕೀಲು, ಮೊಣಕಾಲಿನ ಕೀಲು ಸವೆದುಹೋಗುವ ಕಾಯಿಲೆ. ಕೆಲವರು ಕುಳ್ಳಗೇ ಉಳಿದರು, ಕೆಲವರು ನೆಟ್ಟಗೆ ನಿಲ್ಲಲಾರದೆ ಬಾಗಿದರು, ಕೋಲೂರಿದರು, ತೆವಳಿದರು. ಬಂದದ್ದು ಚನ್ನಂಗಿ, ಚಲವಾದಿ ಜನಕ್ಕೆ. ನಮ್ಮವರಿಗೆ. ಅದೇ ಊರಿನಲ್ಲಿ ಅದೇ ನೀರು ಕುಡಿಯುವ ಬೇರೆಯವರಿಗೆ ಬರಲಿಲ್ಲ. ಶಿವಮೊಗ್ಗ, ಚಿಕ್ಕಮಗಳೂರಿನ ಮಲೆನಾಡಿನ ಇನ್ನಷ್ಟು ಹಳ್ಳಿಗಳಲ್ಲೂ ಸಿಕ್ಕಿತು, ಅಲ್ಲೂ ನಮ್ಮ ಕೇರಿಗಳಲ್ಲೇ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಬಂದು ನೋಡಿದರು. 1977ರಲ್ಲಿ ಅದಕ್ಕೆ ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂಬರ್ಥದ ಹೆಸರಿಟ್ಟರು. ಗದ್ದೆಗೆ ಹೊಡೆದ ಕೀಟನಾಶಕದಿಂದ ಸತ್ತ ಏಡಿ, ಮೀನು ತಿಂದು ಬಂತೆಂಬ ಅನುಮಾನವೂ ಎದ್ದಿತು. 1994ರಲ್ಲಿ ಎಕ್ಸ್‌ರೇಗಳನ್ನು ಕೂಲಂಕಷ ನೋಡಿದ ತಜ್ಞರು, ಇದು ವಾತವಲ್ಲ, ಬೆನ್ನುಹುರಿಯ ಮೂಳೆ ಮತ್ತು ಉದ್ದ ಮೂಳೆಗಳ ತುದಿ ಬೆಳೆಯುವ ರೀತಿಯಲ್ಲೇ ಇರುವ ದೋಷ, ವಂಶದಲ್ಲಿ ಇಳಿದುಬರುವಂಥದ್ದು ಎಂದು ಪ್ರಕಟಿಸಿದರು. ಸ್ಪಾಂಡಿಲೋ ಎಪಿ ಮೆಟಾಫಿಸಿಯಲ್ ಡಿಸ್‌ಪ್ಲೇಸಿಯಾ. ಹೇಳಲು ನಾಲಗೆ ಹೊರಳುವುದಿಲ್ಲ. ಇರಲಿ. 1974ರಿಂದ 1994: ಇಪ್ಪತ್ತು ವರ್ಷ. ಮೊದಲ ಜೀಪು ಕೇರಿಗೆ ಬಂದಾಗ ತಾಯಿಯ ಕಂಕುಳಲ್ಲಿದ್ದ ಮಗು, ಈ ಹೆಸರು ಅಚ್ಚಾಗುವ ಹೊತ್ತಿಗೆ ತಾನೇ ಮದುವೆಯಾಗುವ ವಯಸ್ಸಿಗೆ ಬಂದಿರುತ್ತದೆ. ಹೆಸರು ಅಚ್ಚಾದದ್ದೂ ಇಂಗ್ಲಿಷಿನಲ್ಲಿ, ಪರದೇಶದ ಪತ್ರಿಕೆಯಲ್ಲಿ. ಯಾರ ಮೂಳೆಯ ಚಿತ್ರ ಅದರಲ್ಲಿತ್ತೋ ಅವರ ಅಂಗಳಕ್ಕೆ ಬಂದು ಕನ್ನಡದಲ್ಲಿ ಹೇಳುವುದು ಯಾರ ಕೆಲಸ?

ಇಲ್ಲಿ ನಮ್ಮ ಗೆಳೆಯರಿಗೂ ಎರಡು ಮಾತು ಹೇಳಬೇಕಾಗಿದೆ. ಏಡಿ-ಕೀಟನಾಶಕದ ಕತೆಯನ್ನು ಬಿಡಲಾರದ ಗೆಳೆಯರು ನಮ್ಮಲ್ಲಿ ಕೆಲವರಿದ್ದಾರೆ. ಆ ಕತೆಯಲ್ಲಿ ಜಮೀನ್ದಾರ ಸಿಗುತ್ತಾನೆ, ಕಂಪನಿ ಸಿಗುತ್ತದೆ, ಹಸಿವು ಸಿಗುತ್ತದೆ. ಭಾಷಣಕ್ಕೆ ಹದವಾಗಿದೆ. ವಂಶದ ಮಾತು ಬಂದರೆ ಇವರಿಗೆ ಕಸಿವಿಸಿ, 'ದೋಷ ನಮ್ಮ ರಕ್ತದ್ದೇ ಅಂದಹಾಗಾಗುತ್ತೆ' ಅಂತ. ನಾವು ಕೇಳುತ್ತೇವೆ: ಚಳವಳಿಗೆ ಅನುಕೂಲವಾದ ಹೆಸರು ಬೇಕೋ, ಮಗುವಿಗೆ ಸರಿಯಾದ ಹೆಸರು ಬೇಕೋ? ಡಾಕ್ಟರು ತನ್ನ ಅನುಕೂಲಕ್ಕೆ 'ವಾತ' ಅಂದಾಗ ಸಿಟ್ಟಾಗುವ ನಾವು, ನಮ್ಮ ಅನುಕೂಲಕ್ಕೆ 'ವಿಷ' ಅಂದರೆ ಅದು ಯಾವ ನ್ಯಾಯ? ಹಸಿದವನು ಸತ್ತ ಏಡಿ ತಿನ್ನಬೇಕಾಗಿ ಬಂದದ್ದು ಅನ್ಯಾಯವೇ. ಅದಕ್ಕೆ ಬೇರೆ ಹೋರಾಟ ಮಾಡೋಣ. ಆ ಹೋರಾಟಕ್ಕೆ ಈ ಮಕ್ಕಳ ಸೊಂಟವನ್ನು ಸಾಕ್ಷಿಗೆ ಕರೆಯುವುದು ಬೇಡ.

ಇನ್ನು ರಕ್ತದ ಮಾತು. ವಂಶದ ಕಾಯಿಲೆ ಅಂದ ಕೂಡಲೇ ಬಿಳಿಕೋಟಿನವರಿಂದ ಬರುವ ಮೊದಲ ಬೈಗುಳ ಒಂದಿದೆ: 'ನೀವು ನಿಮ್ಮ ನಿಮ್ಮೊಳಗೇ ಕೊಟ್ಟು ತಂದ್ರೆ ಇನ್ನೇನಾಗತ್ತೆ?' ಇದನ್ನು ಕೇಳದ ತಾಯಿ ತಂದೆ ಇಲ್ಲ. ಮೊದಲನೆಯದಾಗಿ, ಹಂದಿಗೋಡಿನ ಮಟ್ಟಿಗೆ ಇದು ವಿಜ್ಞಾನವಾಗಿಯೂ ಸುಳ್ಳು. ಆ ಕಾಯಿಲೆ ಇಳಿಯಲು ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಗಿದ್ದರೆ ಸಾಕು. ಮದುವೆ ನೆಂಟರೊಳಗೆ ಆಗಲಿ, ಸಮುದ್ರದಾಚೆ ಆಗಲಿ, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವ. ಕುಡುಗೋಲು ಕಣದ ಲೆಕ್ಕ ಬೇರೆ. ಅಲ್ಲಿ ತಂದೆ ತಾಯಿ ಇಬ್ಬರೂ ಒಂದೊಂದು ಪಾಲು ಹೊತ್ತಿರಬೇಕು, ಆಗ ಪ್ರತಿ ಮಗುವಿಗೆ ನಾಲ್ಕರಲ್ಲೊಂದು ಸಂಭವ. ಹೊತ್ತವರಿಗೆ ತಮಗೆ ಸಾಮಾನ್ಯವಾಗಿ ಕಾಯಿಲೆ ಇರುವುದಿಲ್ಲ. ಎರಡು ಕಾಯಿಲೆಯ ಎರಡು ಲೆಕ್ಕವನ್ನು ಒಂದೇ ಬೈಗುಳದಲ್ಲಿ ಮುಗಿಸುವವರು ಎಂಥ ಡಾಕ್ಟರರು?

ಅದಕ್ಕಿಂತ ದೊಡ್ಡದು ಇನ್ನೊಂದು. ನಿಮ್ಮ ನಿಮ್ಮೊಳಗೇ ಕೊಟ್ಟು ತನ್ನಿ ಎಂದು ಗೋಡೆ ಕಟ್ಟಿದವರು ಯಾರು? ಬಾಬಾಸಾಹೇಬರು 1916ರಲ್ಲಿ ಕೊಲಂಬಿಯಾದಲ್ಲಿ ಓದಿದ ಪ್ರಬಂಧದಲ್ಲೇ ಜಾತಿಯ ಗುಟ್ಟು ಇರುವುದು ಒಳಮದುವೆಯಲ್ಲಿ ಎಂದು ತೋರಿಸಿಕೊಟ್ಟರು. ಗೋಡೆ ದಾಟಿ ಪ್ರೀತಿಸಿದ ನಮ್ಮ ಹುಡುಗರನ್ನು ರೈಲು ಹಳಿಯ ಮೇಲೆ ಹಾಕುತ್ತೀರಿ, ತಮ್ಮ ಮನೆ ಹೆಣ್ಣನ್ನೇ ಕೊಂದು ಮರ್ಯಾದೆ ಅನ್ನುತ್ತೀರಿ. ಆಮೇಲೆ ಆಸ್ಪತ್ರೆಯ ಕುರ್ಚಿಯಲ್ಲಿ ಕೂತು, ಯಾಕ್ರೀ ಒಳಗೊಳಗೇ ಮದುವೆ ಆಗ್ತೀರಿ ಅಂತ ಕೇಳುತ್ತೀರಿ. ಬಾಯಿಯೋ ಬಚ್ಚಲೋ.

ರಕ್ತ ಕೆಟ್ಟದ್ದು ಎಂಬ ಮಾತಿಗೂ ಉತ್ತರವಿದೆ. ಕುಡುಗೋಲು ಕಣದ ಒಂದೇ ಪಾಲು ಹೊತ್ತವರಿಗೆ ಮಲೇರಿಯಾದ ಕೊಲ್ಲುವ ಹೊಡೆತದಿಂದ ರಕ್ಷಣೆಯಿರುತ್ತದೆ. 1954ರಲ್ಲಿ ಆಫ್ರಿಕಾದಲ್ಲಿ ಆಲಿಸನ್ ಇದನ್ನು ತೋರಿಸಿದ. ಕಾಡಿನ ನಮ್ಮ ಹಿರೀಕರು ಕ್ವಿನೈನ್ ಇಲ್ಲದೆ ಮಲೇರಿಯಾದ ನಡುವೆ ಬದುಕಿ ಉಳಿದದ್ದರಲ್ಲಿ ಈ ರಕ್ತದ ಪಾಲೂ ಇದೆ. ಹಾಗೆ ಉಳಿದದ್ದಕ್ಕೆ ಕೊಡಬೇಕಾದ ಬೆಲೆಯನ್ನು ಕೆಲವು ಮಕ್ಕಳು ತೆರುತ್ತಿವೆ. ಇದು ನಾಚಿಕೆಪಡುವ ಕತೆಯೇ?

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಕೇಂದ್ರ ಸರ್ಕಾರ ಕುಡುಗೋಲು ಕಣದ ಕಾಯಿಲೆಯ ಮಿಷನ್ ಶುರು ಮಾಡಿತು. ಏಳು ಕೋಟಿ ಜನರ ರಕ್ತಪರೀಕ್ಷೆ ಗುರಿ, 2047ಕ್ಕೆ ನಿರ್ಮೂಲನೆ. ನೀಲಗಿರಿಯಲ್ಲಿ ಪತ್ತೆಯಾದ 71 ವರ್ಷಕ್ಕೆ ಶುರುವಾಯಿತಲ್ಲ, ಸಂತೋಷ. ಪರೀಕ್ಷೆ ಮಾಡಿಸಿಕೊಳ್ಳಿ ಎಂದು ನಾವೂ ಹಾಡಿ ಹಾಡಿಗೆ ಹೋಗಿ ಹೇಳುತ್ತೇವೆ. ಆದರೆ ಪರೀಕ್ಷೆಯಾದವರ ಕೈಗೆ ಕಾರ್ಡು ಕೊಟ್ಟು, ಮದುವೆಗೆ ಮುಂಚೆ ಕಾರ್ಡು ಹೊಂದಿಸಿ ನೋಡಿ ಅಂದು ಎದ್ದು ಹೋದರೆ ಆಗುವುದಿಲ್ಲ. ಆ ಕಾರ್ಡಿನ ಭಾರ ಯಾರ ಹೆಗಲಿಗೆ ಬೀಳುತ್ತದೆಂದು ನಮಗೆ ಗೊತ್ತು. ಗಂಡಿಗೆ 'ಏನೋ ಇದೆಯಂತೆ', ಹೆಣ್ಣಿಗೆ 'ಆ ಮನೆ ಹೆಣ್ಣು ಬೇಡ.' ಕಾಯಿಲೆಯ ನಿರ್ಮೂಲನೆಯೋ, ಕಾಯಿಲೆಯವರ ನಿರ್ಮೂಲನೆಯೋ? ಮಾತ್ರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಪ್ರತಿ ತಿಂಗಳು ಸಿಗಬೇಕು. ನೋವಿನ ದಾಳಿ ಬಂದ ರಾತ್ರಿ ನೋವಿನ ಔಷಧಿ ಸಿಗಬೇಕು, 'ನಾಟಕ ಆಡ್ತಾನೆ' ಅನ್ನದ ಡಾಕ್ಟರು ಸಿಗಬೇಕು. ಕಾರ್ಡು ಆಮೇಲೆ.

ಡಾಕ್ಟರರೆಲ್ಲ ಕೆಟ್ಟವರೆಂದು ನಾವು ಹೇಳುತ್ತಿಲ್ಲ. ಇಪ್ಪತ್ತಮೂರನೆಯ ಚೀಟಿಯ ಹುಡುಗಿಯೂ ಡಾಕ್ಟರೇ. ಒಬ್ಬನೇ ಕೂತು ಒಂದು ಬೆಳಗಿಗೆ ನೂರೈವತ್ತು ಜನರನ್ನು ನೋಡಬೇಕಾದವನ ಕಷ್ಟ ನಮಗೆ ತಿಳಿಯುತ್ತದೆ. ಬೆಟ್ಟಗುಡ್ಡದಲ್ಲಿ 20,000 ಜನಕ್ಕೆ, ಬಯಲಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರ್ಕಾರದ್ದೇ ಲೆಕ್ಕ. ಕೆಲಸ ಹೆಚ್ಚೆಂದು ಅವನು ಮುಷ್ಕರ ಮಾಡಿದರೆ ನಾವೂ ಬಾವುಟ ಹಿಡಿದು ಬರುತ್ತೇವೆ. ಆದರೆ ಆ ನೂರೈವತ್ತರಲ್ಲಿ ಯಾರಿಗೆ ಐದು ನಿಮಿಷ, ಯಾರಿಗೆ ಅರ್ಧ ನಿಮಿಷ ಎಂದು ಹಂಚುವಾಗ ಅವನ ಕಣ್ಣು ಚಪ್ಪಲಿ ನೋಡುತ್ತದೆ, ಮಾತಿನ ಧಾಟಿ ಕೇಳುತ್ತದೆ. ಆ ಹಂಚಿಕೆಯಲ್ಲಿ ಜಾತಿ ಕೂತಿದೆ. 'ಗೊತ್ತಿಲ್ಲ' ಅನ್ನಲು ಅವನಿಗೆ ನಾಚಿಕೆ. ಉಳ್ಳವರಿಗಾದರೆ ಹೇಳುತ್ತಾನೆ: ನನಗೆ ಖಚಿತವಿಲ್ಲ, ಬೆಂಗಳೂರಿಗೆ ತೋರಿಸಿ, ಕಾಗದ ಕೊಡ್ತೀನಿ. ನಮಗೆ ಟಾನಿಕ್ಕು.

ಕತೆ ಕವನ ಬರೆಯುವ ಸಾಹಿತಿಗಳು ಈ ತಾಯಂದಿರನ್ನು ಕಂಡರೆ ತ್ಯಾಗಮಯಿ, ಸಹನಾಮೂರ್ತಿ, ಭೂಮಿತೂಕದವಳು ಅಂತ ಶುರು ಹಚ್ಚುತ್ತಾರೆ. ದಯವಿಟ್ಟು ಬೇಡಿ. ಸಹನೆ ಇದ್ದಿದ್ದರೆ ಅವಳು ಮೊದಲ ಚೀಟಿಗೇ ಸುಮ್ಮನಾಗುತ್ತಿದ್ದಳು. ಅವಳಿಗೆ ಸಹನೆ ಇರಲಿಲ್ಲ, ಸಿಟ್ಟಿತ್ತು. ಆ ಸಿಟ್ಟಿಗೆ ಅವಳು ತೆತ್ತ ಕೂಲಿ ದಿನಗಳ ಲೆಕ್ಕ ಮೇಸ್ತ್ರಿಯ ಪುಸ್ತಕದಲ್ಲಿದೆ, ಹೋಗಿ ನೋಡಿ. ಅವಳಷ್ಟು ಹಟವಿಲ್ಲದ, ಬಸ್ಸಿಗೆ ದುಡ್ಡಿಲ್ಲದ, ಗಂಡನಿಗೆ ಹೆದರುವ ಇನ್ನೆಷ್ಟು ಜನ ತಾಯಂದಿರ ಚೀಲಗಳು ಬಿಚ್ಚದೆ ಹಾಗೇ ಇವೆ? ಒಬ್ಬಳು ಆರು ವರ್ಷ ಬಡಿದಾಡಿ ಪಡೆದದ್ದನ್ನು ಮೆಚ್ಚಿಕೊಂಡು ಕೂರುವುದು ನಮ್ಮ ಕೆಲಸವಲ್ಲ. ಬಡಿದಾಡದೆಯೇ ಸಿಗುವಂತೆ ಮಾಡಿಸುವುದು ಕೆಲಸ.

ಅದಕ್ಕೆ ನಾವು ಕೇಳುವುದು ದೊಡ್ಡದೇನಲ್ಲ. ಹಾಡಿಗಳಿರುವ ತಾಲ್ಲೂಕಿನ ಆಸ್ಪತ್ರೆಯಲ್ಲಿ ಹುಟ್ಟುವ ಪ್ರತಿ ಕೂಸಿನ ಹಿಮ್ಮಡಿಯಿಂದ ಒಂದು ತೊಟ್ಟು ರಕ್ತ ತೆಗೆದು ನೋಡಿ. ಕೇರಿಯ ಮಗು ಒಂದೇ ತೊಂದರೆಗೆ ಮೂರನೆಯ ಸಲ ಬಂದರೆ ಅದನ್ನು ಮೇಲಿನ ಆಸ್ಪತ್ರೆಗೆ ಕಳಿಸುವುದು ಡಾಕ್ಟರರ ಮರ್ಜಿಯಾಗಿರಬಾರದು, ಕಡ್ಡಾಯವಾಗಿರಬೇಕು. ಕಳಿಸುವಾಗ ಬಸ್ ಚಾರ್ಜನ್ನೂ ಆ ದಿನದ ಕೂಲಿಯನ್ನೂ ಕೈಗೆ ಕೊಟ್ಟು ಕಳಿಸಿ. ಮನೆಯಲ್ಲಿ ಇನ್ಯಾರಿಗಿದೆ, ಯಾರು ಸತ್ತರು ಎಂದು ಕೇಳಿ ಬರೆದುಕೊಳ್ಳಿ, ಗುಣಿಯನಷ್ಟಾದರೂ. ಚೀಟಿಯಲ್ಲಿ ಮಾತ್ರೆಯ ಹೆಸರಿನ ಮೇಲೆ ಕಾಯಿಲೆಯ ಹೆಸರನ್ನು ಕನ್ನಡದಲ್ಲಿ, ಏಳನೇ ಕ್ಲಾಸಿನ ಹುಡುಗ ಓದಿ ಅವ್ವನಿಗೆ ಹೇಳುವಷ್ಟು ದಪ್ಪಕ್ಷರದಲ್ಲಿ ಬರೆಯಿರಿ. ಗೊತ್ತಿಲ್ಲದಿದ್ದರೆ 'ನನಗೆ ಗೊತ್ತಾಗಲಿಲ್ಲ' ಎಂದು ಬರೆದು ಕೆಳಗೆ ಸಹಿ ಹಾಕಿ.